ಒಂದಕ್ಷರ ತಪ್ಪಿದರೂ ಅಂಚೆ ನಿಂತೀತು: ಮೇಲ್ ಸೆಟಿಂಗ್ ತಿದ್ದುವ ಬಗೆ

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಇಚಿಲಂಪಾಡಿಯನ್ನು ಕೆಲವರು ಇಚ್ಲಂಪಾಡಿ ಎಂದೂ ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ ಕೊನೆಯ ಅಕ್ಷರ ಐ ಆಗಬೇಕೋ ವೈ ಆಗಬೇಕೋ ಎಂಬುದು ಬರೆಯುವವರ ಇಷ್ಟಕ್ಕೆ ಬಿಟ್ಟ ವಿಚಾರ. ಹೇಗೆ ಬರೆದರೂ ಕಾಗದ ಮಾತ್ರ ಊರು ತಲುಪುತ್ತದೆ. ಅಂಚೆಯವರು ಊರನ್ನೂ ಮನೆತನವನ್ನೂ ಬಲ್ಲವರು. ತಪ್ಪಿದ ಅಕ್ಷರವನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಮನೆಯ ಅಂಗಳಕ್ಕೆ ಬರುತ್ತಾರೆ. ಹೆಸರಿನ ಗೊಂದಲ ಇನ್ನೂ ಉಳಿದರೆ ನೆರವಿಗೆ ಪಿನ್‌ಕೋಡ್ ಇದೆ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂದದ್ದೇ ಒಂದೇ ಹೆಸರಿನ ಹಲವು ಊರುಗಳ, ಹಲವು ಬಗೆಯ ಬರವಣಿಗೆಯ ತೊಡಕನ್ನು ಬಿಡಿಸುವುದಕ್ಕೆ.

ಮಿಂಚಂಚೆಯ ಲೋಕದಲ್ಲಿ ಈ ದಾಕ್ಷಿಣ್ಯ ಇಲ್ಲ. ಅಲ್ಲಿ ಅಂಚೆ ಕಚೇರಿಯ ಹೆಸರಿನಲ್ಲಿ ಒಂದಕ್ಷರ ಹಿಂದುಮುಂದಾದರೂ ಪತ್ರ ಹೊರಡುವುದಿಲ್ಲ. ಊಹಿಸಿ ತಿದ್ದಿಕೊಳ್ಳುವವರು ಅಲ್ಲಿ ಯಾರೂ ಇಲ್ಲ.

ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಇಚಿಲಂಪಾಡಿಯ ತೋಟದ ಮನೆಯಲ್ಲಿ ಅಪ್ಪ ಹೊಸ ಗಣಕಯಂತ್ರದ ಮುಂದೆ ಕುಳಿತಿದ್ದಾರೆ. ಕಿರಿಯ ಮಗನ ದಾಖಲೆಗಳನ್ನು ಕಾಲೇಜಿಗೆ ಮೇಲ್ ಮಾಡಲು ಅಂದೇ ಕಡೆಯ ದಿನ. ಪತ್ರ ಔಟ್‌ಬಾಕ್ಸ್‌ನಿಂದ ಕದಲುತ್ತಿಲ್ಲ. ಬೆಂಗಳೂರಿನಲ್ಲಿರುವ ಹಿರಿಯ ಮಗಳಿಗೆ ಫೋನ್ ಬರುತ್ತದೆ: “ಮಗಳೇ, ಮೇಲ್ ಹೋಗ್ತಾ ಇಲ್ಲ. ನೆಟ್‌ವರ್ಕ್ ಇಲ್ಲ ಅಂತ ಕಾಣ್ತದೆ.” ನಗರದಲ್ಲಿ ನೆಲೆಸಿರುವ ಎಷ್ಟೋ ಓದುಗರಿಗೆ ಇಂಥ ಕರೆ ಹೊಸತಲ್ಲ. ಈ ಲೇಖನ ಅಂಥ ಕರೆ ಸ್ವೀಕರಿಸುವ ಮಗಳಿಗೂ ಕರೆ ಮಾಡುವ ಅಪ್ಪನಿಗೂ ಸಲ್ಲುವಂಥದ್ದು.

ಮೊದಲ ಆಪಾದನೆ ನೆಟ್‌ವರ್ಕಿನ ಮೇಲೆ

ಕಡಬ, ಸುಳ್ಯ, ಪುತ್ತೂರು ಸೀಮೆಯಲ್ಲಿ ಯಾವುದೇ ಅಡಚಣೆಗೂ ನೆಟ್‌ವರ್ಕನ್ನು ದೂರುವುದು ಸಹಜ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಮಳೆಯ ನಡುವೆ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ಗಮನ ಸೆಳೆದಿತ್ತು. ಗುಡ್ಡ ಹತ್ತಿದರಷ್ಟೇ ಸಿಗ್ನಲ್ ಕಂಡವರು ಮೊದಲು ನೆಟ್‌ವರ್ಕನ್ನೇ ಶಂಕಿಸಿದರೆ ತಪ್ಪೇನೂ ಇಲ್ಲ.

ಇಂಥ ಊರುಗಳಿಗೆ ಮೇಲ್ ತಂತ್ರಾಂಶ ಹೇಳಿ ಮಾಡಿಸಿದ ಸಾಧನವೂ ಹೌದು. ಥಂಡರ್‌ಬರ್ಡ್, ಔಟ್‌ಲುಕ್ ಮೊದಲಾದ ತಂತ್ರಾಂಶಗಳು ಸಂಪರ್ಕ ಇದ್ದಾಗ ಪತ್ರಗಳನ್ನು ತಂದು ಗಣಕಯಂತ್ರದಲ್ಲಿ ಇಟ್ಟುಕೊಳ್ಳುತ್ತವೆ. ಸಂಪರ್ಕ ಕಡಿದ ಮೇಲೂ ಅವನ್ನು ಓದಬಹುದು, ಉತ್ತರ ಬರೆದಿಡಬಹುದು. ಸಂಪರ್ಕ ಮರಳಿದಾಗ ಉತ್ತರಗಳನ್ನು ಕಳುಹಿಸಬಹುದು. ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದ ಬಳಿಕ, ಟೆಲಿಫೋನ್ ತಂತಿಯ ಮೂಲಕ ಡಯಲ್ ಮಾಡುತ್ತಿದ್ದ ದಿನಗಳಲ್ಲಿ ಬಳಕೆದಾರರು ಹೀಗೆಯೇ ಸಂಪರ್ಕದ ಹಣ ಉಳಿಸುತ್ತಿದ್ದರು. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿ, ಬ್ರೌಸರ್‌ನಲ್ಲೇ ಪತ್ರ ಓದುವ ರೂಢಿಯನ್ನು ಜನಪ್ರಿಯಗೊಳಿಸಿದರು. ಬ್ರೌಸರ್‌ನಲ್ಲಿ ಸರ್ವರ್ ಹೆಸರು ತುಂಬುವ ತಾಪತ್ರಯ ಇರಲಿಲ್ಲ. ಮೇಲ್ ತಂತ್ರಾಂಶದಲ್ಲಿ ಆ ತಾಪತ್ರಯ ಇಂದಿಗೂ ಉಳಿದಿದೆ.

ಜಿಮೇಲ್‌ನಂಥ ದೊಡ್ಡ ಸೇವೆಯಾದರೆ ತಂತ್ರಾಂಶವೇ ವಿವರಗಳನ್ನು ಹುಡುಕಿ ತುಂಬಿಕೊಳ್ಳುತ್ತದೆ. ಶಾಲೆ, ಸಹಕಾರ ಸಂಘ, ಸಣ್ಣ ಉದ್ದಿಮೆ ತನ್ನದೇ ಹೆಸರಿನ ಮೇಲ್ ವಿಳಾಸ ಹೊಂದಿದ್ದಾಗ ಹೆಚ್ಚಾಗಿ ಕೈಯಿಂದಲೇ ತುಂಬಬೇಕಾಗುತ್ತದೆ. ತಪ್ಪು ನುಸುಳುವುದು ಅಲ್ಲಿಯೇ.

ಐದು ಖಾನೆಗಳು

ಖಾತೆ ತೆರೆಯುವಾಗ ತುಂಬಬೇಕಾದ ಮುಖ್ಯ ಖಾನೆಗಳು ಐದು.

ಮೊದಲನೆಯದು ಒಳಬರುವ ಸರ್ವರ್‌ನ ಹೆಸರು. ನಿಮಗೆ ಬಂದ ಪತ್ರಗಳನ್ನು ಇಟ್ಟುಕೊಂಡಿರುವ ಅಂಚೆ ಕಚೇರಿ ಇದು. ಐಮ್ಯಾಪ್ ಮತ್ತು ಪಾಪ್ ಎಂಬ ಎರಡು ಪದ್ಧತಿಗಳಲ್ಲಿ ಪತ್ರ ಪಡೆಯಬಹುದು. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರ್‌ನಲ್ಲಿಯೇ ಉಳಿಯುತ್ತವೆ. ಪಾಪ್‌ನಲ್ಲಿ ಅವು ಗಣಕಯಂತ್ರಕ್ಕೆ ಇಳಿದು, ಹಲವು ವೇಳೆ ಸರ್ವರ್‌ನಿಂದ ಅಳಿಸಿಹೋಗುತ್ತವೆ.

ಎರಡನೆಯದು ಹೊರಹೋಗುವ ಸರ್ವರ್‌ನ ಹೆಸರು. ನೀವು ಬರೆದ ಪತ್ರವನ್ನು ಹಾಕುವ ಡಬ್ಬಿ ಇದು. ಎಸ್ಎಂಟಿಪಿ ಎಂಬ ಪದ್ಧತಿಯಲ್ಲಿ ಕೆಲಸ ಮಾಡುತ್ತದೆ.

ಮೂರನೆಯದು ಪೋರ್ಟ್ ಸಂಖ್ಯೆ. ಇದನ್ನು ಅಂಚೆ ಕಚೇರಿಯೊಳಗಿನ ಕೌಂಟರ್ ಎಂದು ಭಾವಿಸಿ. ಭದ್ರ ಸಂಪರ್ಕದಲ್ಲಿ ಐಮ್ಯಾಪ್‌ಗೆ 993, ಪಾಪ್‌ಗೆ 995, ಪತ್ರ ಕಳುಹಿಸಲು 465 ಅಥವಾ 587.

ನಾಲ್ಕನೆಯದು ಭದ್ರತೆಯ ವಿಧಾನ. 993, 995, 465ಕ್ಕೆ ‘ಎಸ್ಎಸ್ಎಲ್/ಟಿಎಲ್ಎಸ್’ ಆರಿಸಬೇಕು, 587ಕ್ಕೆ ‘ಸ್ಟಾರ್ಟ್‌ಟಿಎಲ್ಎಸ್’.

ಐದನೆಯದು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಹೆಚ್ಚಿನ ಸೇವೆಗಳಲ್ಲಿ ಬಳಕೆದಾರರ ಹೆಸರೆಂದರೆ ಪೂರ್ತಿ ಮೇಲ್ ವಿಳಾಸ; ‘ಅಟ್’ ಚಿಹ್ನೆಗಿಂತ ಹಿಂದಿನ ಭಾಗವನ್ನಷ್ಟೇ ಬರೆದರೆ ಸಾಲದು.

ಉದಾಹರಣೆಗೆ ಜಿಮೇಲ್‌ನ ಒಳಬರುವ ಸರ್ವರ್ ‘ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್’, ಹೊರಹೋಗುವ ಸರ್ವರ್ ‘ಎಸ್ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್’. ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ. ಗಣಕಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಚುಕ್ಕೆ ಇಟ್ಟು, ಜಾಗ ಬಿಡದೆ ಟೈಪಿಸಬೇಕು. ಚೆನ್ನೈ ಮೂಲದ ಝೋಹೊ ಸೇವೆಯಲ್ಲಿ ಒಂದು ವಿಶೇಷ ಇದೆ. ಭಾರತದ ದತ್ತಾಂಶ ಕೇಂದ್ರದಲ್ಲಿರುವ ಖಾತೆಗಳ ಸರ್ವರ್ ಹೆಸರು ‘ಡಾಟ್ ಇನ್’ ಎಂದು ಮುಗಿಯುತ್ತದೆ. ಅಭ್ಯಾಸಬಲದಿಂದ ‘ಡಾಟ್ ಕಾಮ್’ ಎಂದು ಬರೆದರೆ ಅಂಥ ಸರ್ವರ್ ಇದೆ, ಆದರೆ ನಿಮ್ಮ ಖಾತೆ ಅಲ್ಲಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಎಂಬ ಉತ್ತರ ಬರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು ಕೆಲವೇ. ಎಸ್ಎಂಟಿಪಿ ಎಂಬುದು ಎಸ್ಎಂಪಿಟಿ ಆಗುವುದು. ಜಿಮೇಲ್‌ನಲ್ಲಿ ಎ ಮತ್ತು ಐ ಸ್ಥಾನ ಬದಲಿಸಿಕೊಳ್ಳುವುದು. ಚುಕ್ಕೆಯ ಬದಲು ಅಲ್ಪವಿರಾಮ. ‘ಒ’ ಅಕ್ಷರದ ಬದಲು ಸೊನ್ನೆ, ‘ಎಲ್’ ಬದಲು ಒಂದು. ಬೇರೆಡೆಯಿಂದ ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಸೇರಿಕೊಳ್ಳುವ ಖಾಲಿ ಜಾಗ. ಕೊನೆಯದು ಕಣ್ಣಿಗೆ ಕಾಣದ ಕಾರಣ ಅದನ್ನು ಪತ್ತೆಹಚ್ಚುವುದು ಎಲ್ಲಕ್ಕಿಂತ ಕಷ್ಟ. ಸರ್ವರ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ, ಪಾಸ್‌ವರ್ಡಿನಲ್ಲಿ ಇದೆ.

ದೋಷ ಸೂಚನೆಯೇ ಸಾಕ್ಷಿ

ಪತ್ರ ಹೋಗದಿದ್ದಾಗ ಪರದೆಯ ಮೇಲೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಬಹುಮಂದಿ ಅದನ್ನು ಓದದೆ ‘ಓಕೆ’ ಒತ್ತಿ ಮುಚ್ಚುತ್ತಾರೆ. ಯಾವ ಖಾನೆಯಲ್ಲಿ ತಪ್ಪಿದೆ ಎಂಬುದರ ಸುಳಿವು ಇರುವುದು ಆ ಕಿಟಕಿಯಲ್ಲಿಯೇ.

ಅದಕ್ಕೆ ಮುನ್ನ ಎರಡು ಪರೀಕ್ಷೆ ಮಾಡಿಕೊಳ್ಳಿ. ಬ್ರೌಸರ್‌ನಲ್ಲಿ ಯಾವುದಾದರೊಂದು ಸುದ್ದಿತಾಣ ತೆರೆಯಿರಿ. ಅದೂ ತೆರೆಯದಿದ್ದರೆ ದೋಷ ನೆಟ್‌ವರ್ಕಿನದು, ಸೆಟಿಂಗ್ ಮುಟ್ಟಬೇಡಿ. ತೆರೆದರೆ ಅದೇ ಬ್ರೌಸರ್‌ನಲ್ಲಿ ನಿಮ್ಮ ಮೇಲ್ ಖಾತೆಗೆ ಪ್ರವೇಶಿಸಿ. ಅಲ್ಲಿ ಪಾಸ್‌ವರ್ಡ್ ಒಪ್ಪಿತವಾದರೆ ಖಾತೆ ಸುಸ್ಥಿತಿಯಲ್ಲಿದೆ, ತಪ್ಪಿರುವುದು ತಂತ್ರಾಂಶದ ಖಾನೆಗಳಲ್ಲಿ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಈಗ ಸೂಚನೆಯನ್ನು ಓದಿ. ‘ಸರ್ವರ್ ಸಿಗಲಿಲ್ಲ’ ಎಂಬರ್ಥದ ಮಾತಿದ್ದರೆ ಹೆಸರು ತಪ್ಪಿದೆ. ಔಟ್‌ಲುಕ್‌ನಲ್ಲಿ ಬರುವ ಉದ್ದನೆಯ ಸಂಕೇತ ‘0ಡಿ’ ಎಂದು ಮುಗಿಯುವುದು ಇಂಥ ಸಂದರ್ಭದಲ್ಲಿ. ‘ಸರ್ವರ್‌ಗೆ ಸಂಪರ್ಕ ಸಾಧ್ಯವಾಗಲಿಲ್ಲ’ ಎಂದಿದ್ದು ಸಂಕೇತ ‘0ಇ’ ಎಂದು ಮುಗಿದರೆ ಮೊದಲು ಪೋರ್ಟ್ ನೋಡಿ. ‘ಲಾಗಿನ್ ನಿರಾಕರಿಸಲಾಗಿದೆ’ ಎಂದು ‘92’ರಲ್ಲಿ ಮುಗಿದರೆ ಅಥವಾ 535 ಎಂಬ ಸಂಖ್ಯೆ ಕಂಡರೆ ನೋಡಬೇಕಾದ್ದು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ‘ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ’ ಎಂಬ ಎಚ್ಚರಿಕೆ ಬಂದರೆ ಅಲ್ಲಿಯೇ ನಿಲ್ಲಿ. ಅದರ ವಿಚಾರ ಮುಂದಿದೆ.

ಪತ್ರ ಬರುತ್ತಿದೆಯೇ, ಹೋಗುತ್ತಿಲ್ಲವೇ ಎಂಬುದನ್ನೂ ಬೇರ್ಪಡಿಸಿ ನೋಡಬೇಕು. ಒಳಬರುವ ಮತ್ತು ಹೊರಹೋಗುವ ಸರ್ವರ್‌ಗಳ ಖಾನೆಗಳು ಬೇರೆಬೇರೆ. ಪತ್ರಗಳು ಬರುತ್ತಿದ್ದು ಹೊರಹೋಗದಿದ್ದರೆ ಒಳಬರುವ ಸರ್ವರ್‌ನ ವಿವರಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಸರಿಯಿರುವುದನ್ನೂ ತಿದ್ದಲು ಹೋದರೆ ಒಂದು ತಪ್ಪು ಎರಡಾಗುತ್ತದೆ.

ಇಬ್ಬರೂ ಮೌನವಾದಾಗ

ಒಂದು ಬಗೆಯ ತಪ್ಪು ಮಾತ್ರ ನೆಟ್‌ವರ್ಕ್ ದೋಷದಂತೆಯೇ ವೇಷ ಧರಿಸಿ ಬರುತ್ತದೆ. ದೋಷ ಸೂಚನೆ ತಕ್ಷಣ ಬರುವುದಿಲ್ಲ. ‘ಸಂಪರ್ಕಿಸಲಾಗುತ್ತಿದೆ’ ಎಂಬ ಸಾಲು ಬಹಳ ಹೊತ್ತು ನಿಂತು, ಕೊನೆಗೆ ‘ಕಾಲಾವಧಿ ಮೀರಿದೆ’ ಎಂದಾಗುತ್ತದೆ. ಸಿಗ್ನಲ್ ದುರ್ಬಲ ಎಂದೇ ಅನ್ನಿಸುತ್ತದೆ.

ಕಾರಣ ಪೋರ್ಟ್ ಮತ್ತು ಭದ್ರತಾ ವಿಧಾನದ ಹೊಂದಾಣಿಕೆ ತಪ್ಪಿರುವುದು. 465 ಎಂಬ ಕೌಂಟರ್‌ನಲ್ಲಿ ಗೂಢಲಿಪಿಯ ಮಾತನ್ನು ಮೊದಲು ಆರಂಭಿಸಬೇಕಾದ್ದು ನಿಮ್ಮ ತಂತ್ರಾಂಶ. ‘ಸ್ಟಾರ್ಟ್‌ಟಿಎಲ್ಎಸ್’ ವಿಧಾನದಲ್ಲಾದರೋ ಸರ್ವರ್ ಮೊದಲು ನಮಸ್ಕಾರ ಹೇಳಬೇಕು, ಬಳಿಕ ತಂತ್ರಾಂಶ ಗೂಢಲಿಪಿಗೆ ಹೊರಳುತ್ತದೆ. 465 ಬರೆದು ‘ಸ್ಟಾರ್ಟ್‌ಟಿಎಲ್ಎಸ್’ ಆರಿಸಿದರೆ ತಂತ್ರಾಂಶ ಸರ್ವರ್‌ನ ಮಾತಿಗೆ ಕಾಯುತ್ತದೆ, ಸರ್ವರ್ ತಂತ್ರಾಂಶದ ಮಾತಿಗೆ ಕಾಯುತ್ತದೆ. ಫೋನ್ ಎತ್ತಿಕೊಂಡ ಇಬ್ಬರೂ ‘ಹಲೋ’ ಎನ್ನದೆ ಕಾದು ಕುಳಿತ ಹಾಗೆ. 465ರ ಜೊತೆಗೆ ‘ಎಸ್ಎಸ್ಎಲ್/ಟಿಎಲ್ಎಸ್’, 587ರ ಜೊತೆಗೆ ‘ಸ್ಟಾರ್ಟ್‌ಟಿಎಲ್ಎಸ್’ ಎಂಬ ಜೋಡಿಯನ್ನು ಸರಿಪಡಿಸಿದರೆ ಮಾತು ಶುರುವಾಗುತ್ತದೆ. ಸುದ್ದಿತಾಣಗಳು ಸರಾಗವಾಗಿ ತೆರೆಯುತ್ತಿದ್ದು ಮೇಲ್ ಮಾತ್ರ ಹೀಗೆ ನೇತಾಡುತ್ತಿದ್ದರೆ ಗುಡ್ಡ ಹತ್ತುವ ಮೊದಲು ಈ ಜೋಡಿಯನ್ನು ನೋಡಿ.

ತಿದ್ದುವುದೆಲ್ಲಿ?

ಥಂಡರ್‌ಬರ್ಡ್‌ನಲ್ಲಿ ಮೂರು ಗೆರೆಗಳ ಮೆನುವಿನಿಂದ ‘ಅಕೌಂಟ್ ಸೆಟಿಂಗ್ಸ್’ ತೆರೆಯಿರಿ. ಎಡಗಡೆ ನಿಮ್ಮ ಖಾತೆಯ ಹೆಸರಿನ ಕೆಳಗೆ ‘ಸರ್ವರ್ ಸೆಟಿಂಗ್ಸ್’ ಇದೆ. ಒಳಬರುವ ಸರ್ವರ್‌ನ ಹೆಸರು, ಪೋರ್ಟ್, ಭದ್ರತಾ ವಿಧಾನ ಅಲ್ಲಿ ತಿದ್ದಬಹುದು. ಹೊರಹೋಗುವ ಸರ್ವರ್ ಅಲ್ಲಿಲ್ಲ ಎಂಬುದು ಹಲವರನ್ನು ದಿಕ್ಕುತಪ್ಪಿಸುತ್ತದೆ. ಅದು ಅದೇ ಎಡಪಟ್ಟಿಯ ತಳಭಾಗದಲ್ಲಿ ‘ಔಟ್‌ಗೋಯಿಂಗ್ ಸರ್ವರ್’ ಎಂದು ಪ್ರತ್ಯೇಕವಾಗಿದೆ. ಅದನ್ನು ಕ್ಲಿಕ್ಕಿಸಿ, ಸರ್ವರ್ ಆರಿಸಿ, ‘ಎಡಿಟ್’ ಒತ್ತಿರಿ. ಹೆಸರು ಬದಲಿಸಿದ ಮೇಲೆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯುವುದು ಒಳ್ಳೆಯದು. ಪಾಸ್‌ವರ್ಡನ್ನು ಮತ್ತೊಮ್ಮೆ ಕೇಳಿದರೆ ಗಾಬರಿ ಬೇಡ. ತಂತ್ರಾಂಶ ಅದನ್ನು ಸರ್ವರ್ ಹೆಸರಿನೊಂದಿಗೆ ಜೋಡಿಸಿ ಇಟ್ಟುಕೊಳ್ಳುವುದರಿಂದ ಹೊಸ ಹೆಸರಿಗೆ ಹೊಸದಾಗಿ ಕೇಳುತ್ತದೆ.

ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ‘ಫೈಲ್’, ‘ಅಕೌಂಟ್ ಸೆಟಿಂಗ್ಸ್’ ಮೂಲಕ ‘ಸರ್ವರ್ ಸೆಟಿಂಗ್ಸ್’ ತಲುಪಬಹುದು. ಅಲ್ಲಿ ಹೊರಹೋಗುವ ಸರ್ವರ್‌ಗೂ ದೃಢೀಕರಣ ಬೇಕು ಎಂಬ ಆಯ್ಕೆಗೆ ಗುರುತು ಹಾಕಿದೆಯೇ ನೋಡಿ. ಗುರುತು ಇಲ್ಲದಿದ್ದರೆ ಸರ್ವರ್ ನಿಮ್ಮನ್ನು ಅಪರಿಚಿತರೆಂದು ಭಾವಿಸಿ ಪತ್ರ ಸ್ವೀಕರಿಸಲು ಒಪ್ಪುವುದಿಲ್ಲ. ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಬೇರೆ ಸಂಸ್ಥೆಯ ಮೇಲ್ ಖಾತೆ ಸೇರಿಸಿದ್ದರೆ ‘ಸೆಟಿಂಗ್ಸ್’ನಲ್ಲಿ ಆ ಖಾತೆಯನ್ನು ಆರಿಸಿ ಕೆಳಗೆ ಸರಿದಾಗ ‘ಇನ್‌ಕಮಿಂಗ್ ಸೆಟಿಂಗ್ಸ್’, ‘ಔಟ್‌ಗೋಯಿಂಗ್ ಸೆಟಿಂಗ್ಸ್’ ಸಿಗುತ್ತವೆ.

ತಿದ್ದುವಾಗ ಎರಡು ನಿಯಮ ಪಾಲಿಸಿ. ಬದಲಿಸುವ ಮುನ್ನ ಹಳೆಯ ವಿವರಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಒಮ್ಮೆಗೆ ಒಂದೇ ಖಾನೆ ಬದಲಿಸಿ, ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ತಪ್ಪಿದ ಹೆಸರಿನ ಒಂದೆರಡು ಅಕ್ಷರ ತಿದ್ದುವ ಬದಲು ಖಾನೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪಿಸಿದರೆ ಕಾಣದ ಖಾಲಿ ಜಾಗವೂ ತೊಲಗುತ್ತದೆ.

ನೆಗಡಿಗೆ ಮೂಗು ಕೊಯ್ಯಬೇಡಿ

ಬೇಸತ್ತವರು ಕೈಗೊಳ್ಳುವ ಕ್ರಮವೆಂದರೆ ಖಾತೆಯನ್ನೇ ತಂತ್ರಾಂಶದಿಂದ ತೆಗೆದುಹಾಕಿ ಮೊದಲಿನಿಂದ ಸೇರಿಸುವುದು. ಐಮ್ಯಾಪ್ ಖಾತೆಯಲ್ಲಿ ಇದರಿಂದ ಹೆಚ್ಚಿನ ಹಾನಿ ಇಲ್ಲ. ಸರ್ವರ್‌ನಲ್ಲಿರುವ ಪತ್ರಗಳು ಮತ್ತೆ ಇಳಿದು ಬರುತ್ತವೆ. ಪಾಪ್ ಖಾತೆಯಲ್ಲಿ ಮಾತ್ರ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ವರ್ಷಗಟ್ಟಲೆಯ ಪತ್ರಗಳು ಆ ಒಂದು ಗಣಕಯಂತ್ರದಲ್ಲಷ್ಟೇ ಇರಬಹುದು. ಖಾತೆಯೊಂದಿಗೆ ಅದರ ದತ್ತಾಂಶವನ್ನೂ ಅಳಿಸಿದರೆ, ಒಂದಕ್ಷರದ ತಪ್ಪಿಗಾಗಿ ಹಳೆಯ ರಶೀದಿ, ಒಪ್ಪಂದ, ಕುಟುಂಬದ ಪತ್ರಗಳನ್ನು ಕಳೆದುಕೊಂಡಂತಾಗುತ್ತದೆ. ಔಟ್‌ಬಾಕ್ಸ್‌ನಲ್ಲಿ ಕಾದಿರುವ ಪತ್ರಕ್ಕೂ ಅದೇ ಗತಿ. ಆದ್ದರಿಂದ ತಿದ್ದಿ, ಅಳಿಸಬೇಡಿ. ಅಳಿಸಲೇಬೇಕಾದರೆ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ.

ಪಾಸ್‌ವರ್ಡ್ ಯಾರ ಕೈಗೆ?

ತಪ್ಪು ಹೆಸರಿನ ಸರ್ವರ್ ಇಲ್ಲವೇ ಇಲ್ಲ ಎಂದಾದರೆ ಪತ್ರ ನಿಲ್ಲುತ್ತದೆ, ಅಷ್ಟೆ. ಆ ತಪ್ಪು ಹೆಸರನ್ನು ಬೇರೊಬ್ಬರು ನೋಂದಾಯಿಸಿ, ಅಲ್ಲಿ ಒಂದು ಸರ್ವರ್ ಇಟ್ಟಿದ್ದರೆ ಪರಿಣಾಮ ಬೇರೆ. ನಿಮ್ಮ ತಂತ್ರಾಂಶ ಅವರ ಬಾಗಿಲು ತಟ್ಟಿ, ನಿಮ್ಮ ಹೆಸರು ಮತ್ತು ಪಾಸ್‌ವರ್ಡನ್ನು ಅವರ ಕೈಗಿಡಬಹುದು.

ಇದು ಬರಿಯ ಕಲ್ಪನೆಯಲ್ಲ. ಗಾರ್ಡಿಕೋರ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 2021ರಲ್ಲಿ ಒಂದು ಪ್ರಯೋಗ ನಡೆಸಿದರು. ಮೇಲ್ ತಂತ್ರಾಂಶಗಳು ಸರ್ವರ್ ವಿವರಗಳನ್ನು ತಾವೇ ಹುಡುಕಿಕೊಳ್ಳುವ ‘ಆಟೋಡಿಸ್ಕವರ್’ ಎಂಬ ವ್ಯವಸ್ಥೆಯಲ್ಲಿ ಸರಿಯಾದ ವಿಳಾಸ ಸಿಗದಿದ್ದಾಗ ಕೆಲವು ತಂತ್ರಾಂಶಗಳು ಊಹೆಯ ವಿಳಾಸಗಳಿಗೆ ಎಡತಾಕುತ್ತಿದ್ದವು. ಅಂಥ ವಿಳಾಸಗಳನ್ನು ಖರೀದಿಸಿ ಕಾದು ಕುಳಿತ ಸಂಶೋಧಕರಿಗೆ ಆ ವರ್ಷದ ಏಪ್ರಿಲ್ 16ರಿಂದ ಆಗಸ್ಟ್ 25ರವರೆಗೆ 3,72,072 ಬಾರಿ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ತಾವಾಗಿ ಬಂದು ಬಿದ್ದವು. ಪುನರಾವರ್ತನೆ ಕಳೆದರೂ ಉಳಿದವು 96,671.

ವಿಳಾಸದಲ್ಲಿ ಒಂದಕ್ಷರ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ 2023ರ ಜುಲೈನಲ್ಲಿ ಬೆಳಕಿಗೆ ಬಂದ ಇನ್ನೊಂದು ನಿದರ್ಶನವಿದೆ. ಅಮೆರಿಕದ ಸೇನೆಯ ವಿಳಾಸಗಳು ‘ಡಾಟ್ ಮಿಲ್’ ಎಂದು ಮುಗಿಯುತ್ತವೆ. ಅದರಲ್ಲಿ ಐ ಅಕ್ಷರ ಬಿಟ್ಟುಹೋದರೆ ಪತ್ರ ಆಫ್ರಿಕದ ಮಾಲಿ ದೇಶದ ‘ಡಾಟ್ ಎಂಎಲ್’ಗೆ ಹೋಗುತ್ತದೆ. ಆ ವರ್ಷದ ಜನವರಿಯಿಂದ ಹೀಗೆ ದಾರಿ ತಪ್ಪಿದ ಸುಮಾರು 1,17,000 ಪತ್ರಗಳು ಸಂಗ್ರಹವಾಗಿದ್ದವು.

ಆದ್ದರಿಂದಲೇ ‘ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ’ ಎಂಬ ಎಚ್ಚರಿಕೆ ಬಂದಾಗ ‘ಪರವಾಗಿಲ್ಲ, ಮುಂದುವರಿಸು’ ಎಂದು ಒತ್ತಬಾರದು. ನೀವು ತಟ್ಟಿದ ಬಾಗಿಲು ನೀವಂದುಕೊಂಡವರದ್ದಲ್ಲ ಎಂದು ತಂತ್ರಾಂಶ ಹೇಳುತ್ತಿರಬಹುದು. ತಪ್ಪು ಹೆಸರಿಗೇ ಸಕ್ರಮವಾದ ಪ್ರಮಾಣಪತ್ರ ಪಡೆದ ವಂಚಕರಾದರೆ ಈ ಎಚ್ಚರಿಕೆಯೂ ಬರಲಾರದು. ತಿದ್ದುವಾಗ ಹಳೆಯ ಹೆಸರು ತಪ್ಪಿತ್ತು, ಆದರೂ ಯಾವುದೋ ಸರ್ವರ್ ಉತ್ತರಿಸುತ್ತಿತ್ತು ಎಂದು ತಿಳಿದರೆ ಸೆಟಿಂಗ್ ತಿದ್ದಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಬ್ರೌಸರ್ ಮೂಲಕ ಖಾತೆಗೆ ಹೋಗಿ ಅಂದೇ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಿಸಿ.

ಎಲ್ಲ ಸರಿಯಿದ್ದೂ ನಿರಾಕರಣೆ

ಐದೂ ಖಾನೆಗಳು ಸರಿಯಿದ್ದು ಪಾಸ್‌ವರ್ಡ್ ತಪ್ಪೆಂದೇ ಉತ್ತರ ಬರುತ್ತಿದ್ದರೆ ಅದು ಟೈಪಿಸಿದವರ ದೋಷವಲ್ಲದಿರಬಹುದು. ಗೂಗಲ್ ಸಂಸ್ಥೆ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಬರಿಯ ಪಾಸ್‌ವರ್ಡ್ ಬಳಸಿ ಹೊರಗಿನ ತಂತ್ರಾಂಶಗಳು ಪ್ರವೇಶಿಸುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ವೈಯಕ್ತಿಕ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಇದೇ ನಿಯಮ ತಂದಿತು. ಥಂಡರ್‌ಬರ್ಡ್‌ನಲ್ಲಿ ದೃಢೀಕರಣ ವಿಧಾನದ ಖಾನೆಯಲ್ಲಿ ‘ಒಆತ್2’ ಆರಿಸಿದರೆ ಸಂಸ್ಥೆಯದೇ ಪುಟ ತೆರೆದು ಒಪ್ಪಿಗೆ ಕೇಳುತ್ತದೆ. ಆ ಸೌಲಭ್ಯವಿಲ್ಲದ ತಂತ್ರಾಂಶದಲ್ಲಿ ಗೂಗಲ್ ಖಾತೆ ಬಳಸಬೇಕಾದರೆ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನೇ ಬಳಸಬೇಕು. ಹಳೆಯ ಪಾಸ್‌ವರ್ಡನ್ನು ಹತ್ತು ಬಾರಿ ಟೈಪಿಸಿದರೂ ಫಲವಿಲ್ಲ.

ಫೋನಿನಲ್ಲಿ ಹೇಳಿಕೊಡುವಾಗ

ಮತ್ತೆ ಇಚಿಲಂಪಾಡಿಯ ಆ ಕರೆಗೆ ಬರೋಣ. ಬೆಂಗಳೂರಿನ ಮಗಳು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: “ಅಪ್ಪಾ, ಪರದೆಯಲ್ಲಿ ಏನು ಬರೆದಿದೆ, ಓದಿ ಹೇಳಿ.” ಎರಡನೆಯದಾಗಿ, ಸರ್ವರ್ ಹೆಸರನ್ನು ತಾನು ಹೇಳುವ ಬದಲು ಅಪ್ಪನಿಂದಲೇ ಒಂದೊಂದೇ ಅಕ್ಷರ ಓದಿಸಬೇಕು. ಫೋನಿನಲ್ಲಿ ಎಂ ಮತ್ತು ಎನ್, ಪಿ ಮತ್ತು ಬಿ ಒಂದೇ ರೀತಿ ಕೇಳಿಸುತ್ತವೆ. ಹೀಗಾಗಿ ಊರುಗಳ ಹೆಸರನ್ನು ಹಿಡಿದು ಹೇಳುವುದು ಲೇಸು: ಸುಳ್ಯದ ಎಸ್, ಮಂಗಳೂರಿನ ಎಂ, ತುಮಕೂರಿನ ಟಿ, ಪುತ್ತೂರಿನ ಪಿ. ಈ ನಾಲ್ಕು ಊರುಗಳು ಇದೇ ಕ್ರಮದಲ್ಲಿ ಬಂದರೆ ಎಸ್ಎಂಟಿಪಿ ಸರಿಯಿದೆ. ತುಮಕೂರಿಗಿಂತ ಮೊದಲು ಪುತ್ತೂರು ಬಂದಿದ್ದರೆ ತಪ್ಪು ಸಿಕ್ಕಿಬಿದ್ದ ಹಾಗೆ. ಪಾಸ್‌ವರ್ಡನ್ನು ಮಾತ್ರ ಫೋನಿನಲ್ಲಿ ಓದಿ ಹೇಳಬೇಕಾಗಿಲ್ಲ. ಮಗಳೇ ಆದರೂ ಕೇಳಬಾರದು. ಮನೆಯವರು ಕೇಳುತ್ತಾರೆಂದು ಅಭ್ಯಾಸವಾದರೆ ನಾಳೆ ಬ್ಯಾಂಕಿನ ಹೆಸರು ಹೇಳುವ ಅಪರಿಚಿತನಿಗೂ ಹೇಳಿಬಿಟ್ಟಾರು.

ತಿದ್ದಿ ಮುಗಿದ ಮೇಲೆ ಕಾಲೇಜಿಗೆ ಕಳುಹಿಸುವ ಮುನ್ನ ಮಗಳಿಗೊಂದು ಪತ್ರ ಕಳುಹಿಸಲಿ, ಆಕೆ ಅದಕ್ಕೆ ಉತ್ತರಿಸಲಿ. ಖಾತೆಯಲ್ಲಿ ತನ್ನದೇ ವಿಳಾಸವನ್ನು ತಪ್ಪಾಗಿ ತುಂಬಿದ್ದರೆ ಪತ್ರ ಹೋದರೂ ಉತ್ತರ ಮರಳದೆ ಇರಬಹುದು. ಹೋಗುವುದು, ಬರುವುದು ಎರಡೂ ಸರಿ ಎಂದು ಖಚಿತವಾದ ಬಳಿಕ ಔಟ್‌ಬಾಕ್ಸ್‌ನಲ್ಲಿ ಕಾದಿರುವ ಪತ್ರವನ್ನು ಹೊರಡಿಸಿದರಾಯಿತು. ಗಡುವು ತೀರಾ ಸಮೀಪಿಸಿದ್ದರೆ ಮೊದಲು ಬ್ರೌಸರ್ ಮೂಲಕ ಅದೇ ಖಾತೆಯಿಂದ ದಾಖಲೆ ಕಳುಹಿಸಿ, ಔಟ್‌ಬಾಕ್ಸ್‌ನ ಪ್ರತಿಯನ್ನು ತೆಗೆದು, ಸೆಟಿಂಗನ್ನು ಸಾವಕಾಶವಾಗಿ ತಿದ್ದಿಕೊಳ್ಳುವುದು ಜಾಣತನ.

ಸರಿಯಾದ ಐದೂ ವಿವರಗಳನ್ನು, ಪಾಸ್‌ವರ್ಡ್ ಹೊರತುಪಡಿಸಿ, ಒಂದು ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟರೆ ಮುಂದಿನ ಮಳೆಗಾಲದಲ್ಲಿ ಗಣಕಯಂತ್ರ ಬದಲಾದರೂ ಚಿಂತೆಯಿಲ್ಲ. ಇಚಿಲಂಪಾಡಿಯನ್ನು ಹೇಗೆ ಬರೆದರೂ ಅಂಚೆಯವರು ಹುಡುಕಿಕೊಂಡು ಬಂದಾರು. ಸರ್ವರ್‌ನ ಹೆಸರನ್ನು ಮಾತ್ರ ಇದ್ದ ಹಾಗೆಯೇ ಬರೆಯಬೇಕು.